ಬಾಡಿಗೆ ಮನೆಗೆ ಫೆಲ್ಟ್ ಅಲಂಕಾರ: ಉಡುಪಿಯ ಮಳೆಗಾಲಕ್ಕೆ ಬಾಳಿಕೆ ಬರುತ್ತದಾ?

ಉಡುಪಿಗೆ ಹೊಸದಾಗಿ ಬಂದಿದ್ದೀರಿ, ಬಾಡಿಗೆ ಮನೆಯನ್ನು ಕೈಯಲ್ಲೇ ಹೊಲಿದ ಫೆಲ್ಟ್ (ನೇಯದೆ, ಎಳೆಗಳನ್ನು ಸಿಕ್ಕಿಸಿ ಮಾಡಿದ ಬಟ್ಟೆ) ತೋರಣ, ತೂಗುಗೊಂಬೆಗಳಿಂದ ಚಂದ ಮಾಡಬೇಕು, ಆದರೆ ಇಲ್ಲಿನ ಮಳೆಗೆ ಬೂಷ್ಟು ಹಿಡಿಯುತ್ತದಾ ಅಂತ ಕೇಳಿದ್ದೀರಿ. ಧೈರ್ಯವಾಗಿ ಮಾಡಿ. ಆದರೆ ಪ್ರತಿಯೊಂದನ್ನೂ ಮಳೆಗಾಲದಲ್ಲಿ ಸುಲಭವಾಗಿ ಇಳಿಸಿ ಎತ್ತಿಡಲು ಬರುವ ಹಾಗೆ ಮಾಡಿ. ನಾನು ಇಲ್ಲಿಯವಳೇ, ಈ ಕೆಲಸ ನನಗೆ ತುಂಬಾ ಇಷ್ಟ.

ಅಸಲಿ ಉಣ್ಣೆಯ ಫೆಲ್ಟ್ ಮುಟ್ಟಿದರೇ ಖುಷಿ. ಅದನ್ನು ನೇಯುವುದಿಲ್ಲ. ಬಿಸಿನೀರು, ಸೋಪು ಹಾಕಿ ತಿಕ್ಕಿದಾಗ ಉಣ್ಣೆಯ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆಯಾಗುತ್ತವೆ. ಆದರೆ ಅದು ತೇವ ಹೀರುತ್ತದೆ, ಹುಳವೂ ತಿನ್ನುತ್ತದೆ. ಫ್ಯಾನ್ಸಿ ಮತ್ತು ಸ್ಟೇಷನರಿ ಅಂಗಡಿಗಳಲ್ಲಿ ಹಾಳೆ ಲೆಕ್ಕದಲ್ಲಿ ಸಿಗುವುದು ಹೆಚ್ಚಾಗಿ ಪಾಲಿಯೆಸ್ಟರ್ ಅಥವಾ ಅಕ್ರಿಲಿಕ್. ಕರಾವಳಿಗೆ ನಾನು ಅದನ್ನೇ ಹೇಳುತ್ತೇನೆ. ಹುಳದ ಕಾಟವಿಲ್ಲ, ಬೇಗ ಒಣಗುತ್ತದೆ, ಕತ್ತರಿಸಿದ ಅಂಚಿನಿಂದ ನೂಲು ಬಿಚ್ಚಿಕೊಳ್ಳುವುದಿಲ್ಲ. ಹೂವಿನ ಎಸಳಿಗೆ 1 ಮಿ.ಮೀ. ದಪ್ಪ ಸಾಕು. ಲೋಟದ ಅಡಿಗೆ ಇಡುವ ಕೋಸ್ಟರ್‌ಗೆ 3 ಮಿ.ಮೀ. ಬೇಕು.

ಜಾಸ್ತಿ ತೊಂದರೆ ಕೊಡುವುದು ಒಳಗೆ ಇಡುವ ಸಾಮಾನು. ಬೆನ್ನಿಗೆ ರಟ್ಟು ಕೊಟ್ಟರೆ ತೇವ ಕುಡಿದು ಬಾಗುತ್ತದೆ, ಬೂಷ್ಟು ಅಲ್ಲಿಂದಲೇ ಶುರು. ಹಳೆಯ ಪ್ಲಾಸ್ಟಿಕ್ ಫೈಲಿನ ಹಾಳೆ ಕತ್ತರಿಸಿ ಹಾಕಿ. ಗೊಂಬೆಯೊಳಗೆ ಹತ್ತಿ ಬೇಡ, ದಿಂಬಿಗೆ ತುಂಬುವ ಪಾಲಿಯೆಸ್ಟರ್ ಫೈಬರ್ ಇರಲಿ. ಕಬ್ಬಿಣದ ಪಿನ್ನು, ಗೆಜ್ಜೆ ಬೇಡವೇ ಬೇಡ. ಸಮುದ್ರದ ಗಾಳಿಗೆ ತುಕ್ಕು ಹಿಡಿದು ಬಿಳಿ ಫೆಲ್ಟ್ ಮೇಲೆ ಕಂದು ಕಲೆ ಕೂತರೆ ತೊಳೆದರೂ ಹೋಗುವುದು ಕಷ್ಟ. ಹಿತ್ತಾಳೆಯದು ತನ್ನಿ.

ಏನು ಮಾಡುವುದು ಅಂತ ಯೋಚಿಸುವಾಗ ಹಿಮದ ಗೊಂಬೆ, ಜಿಂಕೆಗಳನ್ನು ಬಿಟ್ಟು ನಮ್ಮ ಊರನ್ನು ನೋಡಿ. ಮಲ್ಲಿಗೆ ಚೆಂಡು ಇದೆ, ಗೂಡುದೀಪ, ಅಂದರೆ ಆಕಾಶಬುಟ್ಟಿ ಇದೆ. ನನಗೆ ಎಲ್ಲಕ್ಕಿಂತ ಇಷ್ಟ ಕೃಷ್ಣಾಷ್ಟಮಿಗೆ ಕುಣಿಯುವ ಹುಲಿವೇಷದ ಮುಖ. ಅಂಗೈ ಅಗಲದ ಹಳದಿ ತುಂಡು, ಅದರ ಮೇಲೆ ಕಪ್ಪು ಪಟ್ಟೆ, ಕೆಂಪು ನಾಲಿಗೆ. ಪಟ್ಟೆಗಳನ್ನು ಅಂಟಿಸಬೇಡಿ, ತೆಳು ಫೆಲ್ಟಿನಲ್ಲಿ ಗಮ್ ಮೇಲೆ ಬಂದು ಕಲೆಯಾಗುತ್ತದೆ. ಎರಡೆಳೆ ಕಸೂತಿ ದಾರದಲ್ಲಿ ಹೊಲಿಯಿರಿ. ಸುತ್ತಲೂ ಬ್ಲಾಂಕೆಟ್ ಸ್ಟಿಚ್, ಅಂದರೆ ಅಂಚನ್ನು ಹಿಡಿದು ಹಾಕುವ ಹೊಲಿಗೆ ಹಾಕಿ. ಕಿವಿಯ ತುದಿಗೆ ಬಂದಾಗ ಒಂದೇ ತೂತಿನಲ್ಲಿ ಮೂರು ಸಲ ಸೂಜಿ ಹಾಯಿಸಿ, ಆಗ ಮೂಲೆ ಚೂಪಾಗಿ, ಗಟ್ಟಿಯಾಗಿ ಕೂರುತ್ತದೆ. ಇಂಥ ಐದಾರು ಮುಖಗಳನ್ನು ಒಂದು ದಾರಕ್ಕೆ ಪೋಣಿಸಿದರೆ ಅಷ್ಟಮಿಗೆ ಬಾಗಿಲು ಎಷ್ಟು ಚಂದ ಕಾಣುತ್ತದೆ ಗೊತ್ತಾ!

ಮೊಳೆ ಹೊಡೆಯಲು ಓನರ್ ಬಿಡದಿದ್ದರೆ ಪರದೆಯ ಕಂಬಿಗೆ ಕಟ್ಟಿ. ಅಂಟಿಸುವ ಹುಕ್ಕು ಒದ್ದೆ ಗೋಡೆಯಲ್ಲಿ ನಿಲ್ಲುವುದಿಲ್ಲ. ಮಳೆ ಬಡಿಯುವ ಹೊರಗೋಡೆಗೆ ಏನನ್ನೂ ತಾಗಿಸಬೇಡಿ. ನೇರ ಬಿಸಿಲಿಗೂ ಬೇಡ, ಬಣ್ಣ ಮಾಸುತ್ತದೆ.

ಮೇ ಕೊನೆಗೆ ಎಲ್ಲ ಇಳಿಸಿ, ಧೂಳು ಕೊಡವಿ, ನೆರಳಲ್ಲಿ ಚೆನ್ನಾಗಿ ಗಾಳಿಯಾಡಿಸಿ. ಗಾಳಿ ಹೋಗದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿಡಿ. ಅಷ್ಟಮಿಗೆ ಹುಲಿಗಳನ್ನು ಮಾತ್ರ ಹೊರತೆಗೆದು, ಹಬ್ಬ ಮುಗಿದ ಮೇಲೆ ಮತ್ತೆ ಒಳಗಿಡಿ. ಉಳಿದದ್ದು ಮಳೆ ಬಿಟ್ಟ ಮೇಲೆ ಸಾಕು.

ಇನ್ನೊಂದು, ದೇವರ ದೀಪದ ಹತ್ತಿರ ಇದನ್ನು ಯಾವತ್ತೂ ತೂಗಬೇಡಿ. ಪಾಲಿಯೆಸ್ಟರ್ ಬೆಂಕಿಗೆ ಕರಗಿ ಹನಿಯುತ್ತದೆ. ಫೆಲ್ಟಿನ ಗೂಡುದೀಪ ಮಾಡಿದರೆ ಒಳಗೆ ಸಣ್ಣ ಎಲ್‌ಇಡಿ ಬಲ್ಬನ್ನೇ ಹಾಕಿ.