ಹತ್ತು ವರ್ಷದ ಮಗನನ್ನು ಫುಟ್‌ಬಾಲ್ ಕ್ಲಬ್ಬಿಗೆ ಸೇರಿಸುವ ಮೊದಲು

ಅಕ್ಕಾರ, ನಿಮ್ಮ ಪ್ರಶ್ನೆ ಓದಿದೆ. ಮಗನಿಗೆ ಹತ್ತು ತುಂಬಿದೆ, ಶಾಲೆಯಲ್ಲಿ ಆಡುತ್ತಾನೆ, ಈಗ ಕ್ಲಬ್ ಸೇರ್ತೀನಿ ಅಂತ ಹಟ ಹಿಡಿದಿದ್ದಾನೆ. ಒಂದು ಕಡೆ ಟರ್ಫ್ (ಕೃತಕ ಹುಲ್ಲಿನ ಹಾಸು) ಮೇಲೆ ಕಲಿಸುವ ಅಕಾಡೆಮಿ, ಫೀಸು ಜಾಸ್ತಿ. ಇನ್ನೊಂದು ಕಡೆ ಓಣಿಯವರೇ ಸೇರಿ ನಡೆಸುವ ಹಳೆಯ ಕ್ಲಬ್. ಅಲ್ಲಿ ಎಲ್ಲರನ್ನೂ ಸೇರಿಸಿಕೊಳ್ಳುತ್ತಾರೆ, ಟೂರ್ನಮೆಂಟಿಗೂ ಹೋಗುತ್ತಾರೆ. "ಎಲ್ಲರನ್ನೂ ತಗೊಂಡ್ರೆ ಆಟದ ಮಟ್ಟ ಇಳಿಯೋದಿಲ್ವಾ? ಗೆಲ್ಲಲೇಬೇಕು ಅಂತ ಹೊರಟರೆ ನನ್ನ ಮಗ ಬೆಂಚಿನ ಮೇಲೇ ಕೂರಬೇಕಾಗೋದಿಲ್ವಾ?" ಅಂತ ಕೇಳಿದ್ದೀರಿ.

ನಾನು ಈ ಎರಡನೇ ತರಹದ ಕ್ಲಬ್ಬಿಗೆ ಮಕ್ಕಳನ್ನು ಬಿಡಲು ಹೋಗಿ ಹೋಗಿ, ಈಗ ಅಲ್ಲಿನ ಓಡಾಟವೆಲ್ಲ ನನ್ನ ಹೆಗಲಿಗೆ ಬಿದ್ದಿದೆ. ಹಾಗಾಗಿ ನನ್ನ ಮಾತಲ್ಲಿ ಸ್ವಲ್ಪ ಪಕ್ಷಪಾತ ಇರುತ್ತದೆ. ಅಷ್ಟನ್ನು ಕಳೆದು ಓದಿ.

ಬೆಂಚಿನ ವಿಷಯವೇ ಮುಖ್ಯ, ಅದನ್ನೇ ಮೊದಲು ಹೇಳುತ್ತೇನೆ. ಕ್ಲಬ್ಬಿಗೆ ಹೋದಾಗ ಎಷ್ಟು ಕಪ್ ಗೆದ್ದಿದ್ದೀರಿ ಅಂತ ಕೇಳಬೇಡಿ. "ಕಳೆದ ಟೂರ್ನಮೆಂಟಿನಲ್ಲಿ ಎಲ್ಲರಿಗಿಂತ ಕಡಿಮೆ ಆಡಿದ ಹುಡುಗನಿಗೆ ಎಷ್ಟು ನಿಮಿಷ ಸಿಕ್ಕಿತು?" ಅಂತ ಕೇಳಿ. ಲೆಕ್ಕ ಇಟ್ಟ ಕೋಚ್ ತಟ್ಟನೆ ಹೇಳುತ್ತಾರೆ. ಲೆಕ್ಕ ಇಡದವರು "ಎಲ್ಲರಿಗೂ ಚಾನ್ಸ್ ಕೊಡ್ತೀವಿ ಬಿಡ್ರಿ" ಅನ್ನುತ್ತಾರೆ. ನಮ್ಮಲ್ಲಿ ಲೀಗ್ ಹಂತದಲ್ಲಿ ಪ್ರತಿ ಹುಡುಗನಿಗೂ ಕನಿಷ್ಠ ಅರ್ಧ ಆಟ. ನಾಕೌಟ್ ಶುರುವಾದ ಮೇಲೆ ಯಾರನ್ನು ಇಳಿಸಬೇಕು ಅನ್ನೋದು ಕೋಚ್ ಇಷ್ಟ. ಇದನ್ನು ಪಾಲಕರಿಗೆ ಮೊದಲೇ ಹೇಳಿರುತ್ತೇವೆ. ಆದರೂ ಪ್ರತಿ ಸಲ ಯಾರಾದರೂ ಮುನಿಸಿಕೊಳ್ಳುತ್ತಾರೆ, ಅದು ಇದ್ದದ್ದೇ.

ಹುಟ್ಟಿದ ತಿಂಗಳನ್ನೂ ಗಮನಿಸಿ. ವಯಸ್ಸಿನ ಗುಂಪು ಜನವರಿ 1ರಿಂದ ಲೆಕ್ಕ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ತಂಡದಲ್ಲಿ ಬರುತ್ತಾರೆ. ಹತ್ತನೇ ವಯಸ್ಸಿಗೆ ಹನ್ನೊಂದು ತಿಂಗಳ ಅಂತರ ಅಂದರೆ ಸಣ್ಣ ಮಾತಲ್ಲ. ಎತ್ತರ ಇರುವವನು ನುಗ್ಗಿ ಗೋಲು ಹೊಡೆಯುತ್ತಾನೆ, ನೋಡಿದವರಿಗೆ ಅವನೇ ಜಾಣ ಅನ್ನಿಸುತ್ತದೆ. ಹದಿನಾಲ್ಕಕ್ಕೆ ಎಲ್ಲರೂ ಬೆಳೆದಾಗ ಚಿತ್ರ ಬದಲಾಗುತ್ತದೆ, ಆದರೆ ಅಷ್ಟೊತ್ತಿಗೆ ಗಿಡ್ಡ ಹುಡುಗ ಬೇಸತ್ತು ಬಿಟ್ಟಿರುತ್ತಾನೆ. ಎಲ್ಲರನ್ನೂ ಸೇರಿಸಿಕೊಂಡರೆ ಮಟ್ಟ ಇಳಿಯುತ್ತದೆ ಅನ್ನೋದನ್ನು ನಾನು ಒಪ್ಪದಿರುವುದು ಇದಕ್ಕೇ. ಹತ್ತು ವರ್ಷಕ್ಕೇ ಜರಡಿ ಹಿಡಿದರೆ ಒಳ್ಳೆಯ ಕಾಳೂ ಕೆಳಗೆ ಹೋಗುತ್ತದೆ.

ಮ್ಯಾಚಿನ ದಿನ ನೋಡಲು ಹೋಗಬೇಡಿ, ಆವತ್ತು ಎಲ್ಲರೂ ಚೆನ್ನಾಗೇ ಕಾಣುತ್ತಾರೆ. ವಾರದ ಮಧ್ಯೆ ಪ್ರಾಕ್ಟೀಸಿಗೆ ಹೋಗಿ, ಅರ್ಧ ಗಂಟೆ ಸುಮ್ನೆ ನಿಂತು ನೋಡಿ. ಹದಿನೈದು ಹುಡುಗರು ಸಾಲಾಗಿ ನಿಂತು, ಪಾಳಿ ಬಂದಾಗ ಒಂದು ಶಾಟ್ ಹೊಡೆದು, ಮತ್ತೆ ಸಾಲಿನ ಹಿಂದೆ ಹೋಗುತ್ತಿದ್ದರೆ ಆ ಫೀಸು ನಿಂತದ್ದಕ್ಕೆ ಕೊಟ್ಟಂತೆ. ಸಣ್ಣ ಸಣ್ಣ ಗುಂಪು, ಗುಂಪಿಗೊಂದು ಚೆಂಡು, ಎಲ್ಲರ ಕಾಲಿಗೂ ಚೆಂಡು ಸಿಗುತ್ತಿದ್ದರೆ ಸರಿ. ಮ್ಯಾಚ್ ಕೂಡ ಈ ವಯಸ್ಸಿಗೆ ಏಳು ಜನರ ತಂಡ, ಹೆಚ್ಚೆಂದರೆ ಒಂಬತ್ತು. ದೊಡ್ಡ ಮೈದಾನದಲ್ಲಿ ಹನ್ನೊಂದು ಜನರನ್ನು ಇಳಿಸಿದರೆ ಅರ್ಧ ಹುಡುಗರು ಚೆಂಡು ಮುಟ್ಟದೇ ಮನೆಗೆ ಹೋಗುತ್ತಾರೆ. ಕೋಚ್ ಹತ್ತಿರ ಎಐಎಫ್‌ಎಫ್ (ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ) ಲೈಸೆನ್ಸ್ ಇದೆಯಾ ಅಂತಲೂ ಕೇಳಿ. ಅದು ಇದ್ದ ಮಾತ್ರಕ್ಕೆ ಒಳ್ಳೆಯ ಕೋಚ್ ಅಂತಲ್ಲ, ಆದರೆ ಮಕ್ಕಳಿಗೆ ಕಲಿಸೋದು ಬೇರೆ ವಿದ್ಯೆ ಅನ್ನೋದಾದರೂ ಅವರಿಗೆ ಗೊತ್ತಿರುತ್ತದೆ.

ಭಾಷೆಯ ಚಿಂತೆ ಬೇಡ. ನಮ್ಮ ಬೆಳಗಾವಿಯ ಗ್ರೌಂಡಿನಲ್ಲಿ ಕನ್ನಡ, ಮರಾಠಿ, ಉರ್ದು, ಕೊಂಕಣಿ ಎಲ್ಲ ಕಲಸಿಯೇ ಕೂಗುತ್ತಾರೆ.

ಕಾಗದಪತ್ರ: ಜನನ ಪ್ರಮಾಣಪತ್ರ, ಆಧಾರ್, ಫೋಟೋ. ಅಧಿಕೃತ ಲೀಗ್ ಆಡಬೇಕಾದರೆ ಎಐಎಫ್‌ಎಫ್‌ನ ಸಿಆರ್‌ಎಸ್ ಅನ್ನೋ ಆನ್‌ಲೈನ್ ವ್ಯವಸ್ಥೆಯಲ್ಲಿ ಕ್ಲಬ್ಬಿನ ಹೆಸರಲ್ಲಿ ನೋಂದಣಿ ಆಗಬೇಕು. ಒಮ್ಮೆ ನೋಂದಣಿಯಾದರೆ ಬೇರೆ ಕ್ಲಬ್ಬಿಗೆ ಹೋಗುವಾಗ ವರ್ಗಾವಣೆ ಮಾಡಿಸಬೇಕಾಗುತ್ತದೆ. ಸಹಿ ಹಾಕುವ ಮೊದಲೇ "ಬಿಡಬೇಕಾದರೆ ಹೇಗೆ?" ಅಂತ ಕೇಳಿಟ್ಟುಕೊಳ್ಳಿ. ನಮಗೆ ಪರಿಚಯದ ಒಬ್ಬ ಹುಡುಗನನ್ನು ಅವನ ಹಳೆಯ ಕ್ಲಬ್ಬಿನವರು ಬಿಟ್ಟುಕೊಡದೆ ಒಂದು ಸೀಸನ್ ಪೂರ್ತಿ ಹಾಳಾಯಿತು. ವಯಸ್ಸು ಕಡಿಮೆ ತೋರಿಸುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ಮೇಲಿನ ಹಂತದಲ್ಲಿ ಎಡಗೈ ಮಣಿಕಟ್ಟಿನ ಎಕ್ಸ್-ರೇ ತೆಗೆದು ಎಲುಬಿನ ವಯಸ್ಸು ನೋಡುತ್ತಾರೆ.

ಸಾಮಾನಿಗೆ ಈಗಲೇ ರೊಕ್ಕ ಸುರಿಯಬೇಡಿ. ಮನೆಯಲ್ಲಿ ಆಡಲು 4ನೇ ನಂಬರ್ ಚೆಂಡು ಸಾಕು, 5ನೆಯದು ಹದಿಮೂರರ ಮೇಲೆ. ನಮ್ಮ ಗಟ್ಟಿ ನೆಲಕ್ಕೆ ಗಿಡ್ಡ ರಬ್ಬರ್ ಸ್ಟಡ್ ಇರುವ ಬೂಟು ತಗೊಳ್ಳಿ, ಲೋಹದ್ದು ಬೇಡವೇ ಬೇಡ. ವರ್ಷ ತುಂಬುವುದರೊಳಗೆ ಕಾಲು ಬೆಳೆದು ಬೂಟು ಬಿಗಿಯಾಗುತ್ತದೆ. ನಮ್ಮ ಕ್ಲಬ್ಬಿನಲ್ಲಿ ಒಂದು ಗೋಣಿಚೀಲ ಇದೆ. ಬಿಗಿಯಾದ ಬೂಟುಗಳನ್ನು ಜೋಡಿ ಜೋಡಿ ಲೇಸಿನಿಂದ ಕಟ್ಟಿ, ಹಿಮ್ಮಡಿಯ ಮೇಲೆ ಮಾರ್ಕರ್‌ನಿಂದ ಸೈಜ್ ಬರೆದು ಅದರಲ್ಲಿ ಹಾಕುತ್ತೇವೆ. ಜೂನ್ ತಿಂಗಳಲ್ಲಿ ಆ ಚೀಲ ಬಿಚ್ಚಿದಾಗ ಹುಡುಗರ ಗಲಾಟೆ ನೋಡಬೇಕು. ಕೊಟ್ಟವರು ಯಾರು, ತಗೊಂಡವರು ಯಾರು ಅಂತ ಯಾರೂ ಕೇಳುವುದಿಲ್ಲ. ನೀವು ನೋಡುವ ಕ್ಲಬ್ಬಿನಲ್ಲಿ ಇಂಥದ್ದೇನಾದರೂ ಇದೆಯಾ ವಿಚಾರಿಸಿ. ಫೀಸು ಕಟ್ಟಲಾಗದ ಹುಡುಗರನ್ನು ಅವರು ಹೇಗೆ ನಡೆಸಿಕೊಳ್ಳುತ್ತಾರೆ ಅನ್ನೋದು ಅಲ್ಲೇ ತಿಳಿಯುತ್ತದೆ.

ಮೊಣಕಾಲ ಕೆಳಗೆ ಮುಂಗಾಲಿಗೆ ಕಟ್ಟುವ ಶಿನ್ ಗಾರ್ಡ್ ಮಾತ್ರ ಹೊಸದು ತಗೊಳ್ಳಿ, ಅದಿಲ್ಲದೆ ಮ್ಯಾಚಿಗೆ ಇಳಿಸುವುದಿಲ್ಲ. ಕೈಯಲ್ಲಿ ಕಡಗ, ಕಿವಿಯಲ್ಲಿ ಬಾಲಿ ಇದ್ದರೆ ಮನೆಯಲ್ಲೇ ತೆಗೆದು ಕಳಿಸಿ. ಮೇಲೆ ಟೇಪ್ ಸುತ್ತಿದರೂ ರೆಫರಿ ಒಪ್ಪುವುದಿಲ್ಲ, ನಿಯಮವೇ ಹಾಗಿದೆ. ಕಿಕ್‌ಆಫ್‌ಗೆ ಎರಡು ನಿಮಿಷ ಇರುವಾಗ ಸೋಪು ಹಚ್ಚಿ ಕಡಗ ಎಳೆಯುವ ತ್ರಾಸು ಯಾರಿಗೆ ಬೇಕು?

ಟರ್ಫ್ ಅಕಾಡೆಮಿಯನ್ನೂ ಪೂರ್ತಿ ತಳ್ಳಿಹಾಕುವಂತಿಲ್ಲ. ನಮ್ಮ ಮಳೆ ನಿಮಗೆ ಗೊತ್ತಲ್ವಾ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣಿನ ಗ್ರೌಂಡ್ ಕೆಸರುಗದ್ದೆ. ಆಗ ನಮ್ಮ ಪ್ರಾಕ್ಟೀಸ್ ಎಷ್ಟೋ ಸಲ ತಪ್ಪುತ್ತದೆ, ಅವರದ್ದು ನಡೆಯುತ್ತದೆ. ಆದರೆ ಏಪ್ರಿಲ್-ಮೇ ಬಿಸಿಲಿಗೆ ಟರ್ಫ್ ಕಾದು ಪಾದ ಸುಡುತ್ತದೆ, ಮುಂಜಾನೆ ಅಥವಾ ಸಂಜೆಯ ಬ್ಯಾಚೇ ಕೇಳಿ.

ಹಿಮ್ಮಡಿ ನೋವು, ಮೊಣಕಾಲ ಚಿಪ್ಪಿನ ಕೆಳಗೆ ನೋವು ಅಂತ ಹುಡುಗ ಹೇಳಿದರೆ ಬಾಮ್ ಹಚ್ಚಿ ಮರುದಿನ ಓಡಿಸಬೇಡಿ. ಬೆಳೆಯುವ ವಯಸ್ಸಿನಲ್ಲಿ ಇದು ಸಾಮಾನ್ಯ. ವಿಶ್ರಾಂತಿ ಕೊಡಿ, ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ. ತಲೆಯಿಂದ ಚೆಂಡು ಹೊಡೆಯುವ ಪ್ರಾಕ್ಟೀಸನ್ನು ಈಗಲೇ ಮಾಡಿಸುತ್ತಿದ್ದರೆ ಬೇಡ ಅನ್ನಿ. ಅಮೆರಿಕದ ಫುಟ್‌ಬಾಲ್ ಸಂಸ್ಥೆ ಹತ್ತು ವರ್ಷದವರೆಗಿನ ಮಕ್ಕಳಿಗೆ ಅದನ್ನು ಪೂರ್ತಿ ನಿಲ್ಲಿಸಿದೆ.

"ಮೂರು ವರ್ಷದಲ್ಲಿ ಐಎಸ್‌ಎಲ್ (ದೇಶದ ದೊಡ್ಡ ವೃತ್ತಿಪರ ಲೀಗ್) ಆಡಿಸ್ತೀವಿ" ಅನ್ನುವವರು ಸಿಕ್ಕರೆ ಚಹಾ ಕುಡಿದು ಎದ್ದು ಬನ್ನಿ. ಕರ್ನಾಟಕ 2023ರಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು. ಅದರ ಹಿಂದಿನ ಗೆಲುವು 54 ವರ್ಷ ಹಿಂದೆ, ಇನ್ನೂ ಮೈಸೂರು ಅನ್ನೋ ಹೆಸರಲ್ಲಿ ಆಡುತ್ತಿದ್ದಾಗ. ರಾಜ್ಯ ತಂಡವೇ ಅಷ್ಟು ಕಾದಿದೆ, ನಾವು ಸ್ವಲ್ಪ ಕಾಯಬಹುದು.

ಇನ್ನು ನಿಮ್ಮ ಕೆಲಸ. ಓಣಿಯ ಕ್ಲಬ್ ಅಂದರೆ ಮಗನನ್ನು ಬಿಟ್ಟು ಹೋಗುವ ಜಾಗ ಅಲ್ಲ. ಸುಣ್ಣದ ಗೆರೆ ಎಳೆಯೋದು, ನೀರಿನ ಕ್ಯಾನ್ ಹೊರೋದು, ಬಿಬ್ (ಪ್ರಾಕ್ಟೀಸಿನಲ್ಲಿ ತಂಡ ಗುರುತಿಸಲು ಹಾಕುವ ಬಣ್ಣದ ಬನಿಯನ್) ಒಗೆಯೋದು, ಕೊಲ್ಲಾಪುರಕ್ಕೋ ಗೋವಾಕ್ಕೋ ಹೊರಟಾಗ ಹುಡುಗರ ಜೊತೆ ಹೋಗೋದು, ಎಲ್ಲದಕ್ಕೂ ಪಾಲಕರೇ. ಭಾನುವಾರ ಪೂರ್ತಿ ಹೋಗುತ್ತದೆ. ಅಷ್ಟು ಸಮಯ ಇಲ್ಲದಿದ್ದರೆ ಅಕಾಡೆಮಿಯೇ ವಾಸಿ, ಅದರಲ್ಲಿ ತಪ್ಪೇನಿಲ್ಲ. ಊರಾಚೆ ಹೋಗುವಾಗ ಎಷ್ಟು ದೊಡ್ಡವರು ಜೊತೆಗಿರುತ್ತಾರೆ, ರಾತ್ರಿ ಎಲ್ಲಿ ಮಲಗಿಸುತ್ತಾರೆ ಅಂತ ಎರಡೂ ಕಡೆ ಬಾಯಿಬಿಟ್ಟು ಕೇಳಿ. ಸಂಕೋಚ ಬೇಡ.

ಸೇರಿಸುವ ಮೊದಲು ಒಂದು ಸಂಜೆ ಲೇಲೆ ಮೈದಾನದ ಕಡೆ ಸುತ್ತಾಡಿಸಿ. ಕ್ಯಾಂಪಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ ಫಾದರ್ ಎಡ್ಡಿ ಸ್ಮಾರಕ ಪಂದ್ಯಾವಳಿ ನಡೆಯುವಾಗ ಕರೆದುಕೊಂಡು ಹೋಗಿ, ಶಾಲಾ ಹುಡುಗರ ಆಟ ಯಾವ ಮಟ್ಟದ್ದು ಅಂತ ಅವನೇ ನೋಡಲಿ. ಆಮೇಲೆ ಎರಡೂ ಕಡೆ ಒಂದೊಂದು ವಾರ ಟ್ರಯಲ್ ಕೇಳಿ. ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ. ಟ್ರಯಲ್‌ಗೆ ಹಳೆಯ ಕ್ಯಾನ್ವಾಸ್ ಶೂ ನಡೆಯುತ್ತದೆ, ನೀರಿನ ಬಾಟಲಿಗೆ ಹೆಸರು ಬರೆದು ಕೊಡಿ.