ಹೆಪ್ಪುಗಟ್ಟಿದ ನೆಲದಲ್ಲಿ ಅನಿಲದ ಕೊಳವೆ: ಪ್ರತಿಕ್ರಿಯೆ

ಅಲಾಸ್ಕಾದ ತೈಲ ಕೊಳವೆಯನ್ನು ಕಂಬಗಳ ಮೇಲೆ ಒಯ್ದಿರುವಾಗ, ಅನಿಲದ ಕೊಳವೆಯನ್ನು ಸದಾ ಹೆಪ್ಪುಗಟ್ಟಿರುವ ನೆಲದೊಳಗೆ ಹೂಳಬಹುದೇ ಎಂದು ಕೇಳಿದ್ದೀರಿ. ಹೂಳಬಹುದು. 1977ರಲ್ಲಿ ಆರಂಭವಾದ ಆ ಮಾರ್ಗದಲ್ಲಿ ಬಿಸಿ ತೈಲ ಹರಿಯುವುದರಿಂದ, ಹೂತಿದ್ದರೆ ಮಣ್ಣಿನೊಳಗಿನ ಮಂಜುಗಡ್ಡೆ ಕರಗಿ ನೆಲ ಕುಸಿಯುತ್ತಿತ್ತು. ಆದ್ದರಿಂದಲೇ ಸುಮಾರು 1,300 ಕಿಲೋಮೀಟರ್ ಉದ್ದದ ಅರ್ಧಕ್ಕಿಂತ ಹೆಚ್ಚು ಭಾಗ ನೆಲದಿಂದ ಮೇಲಿದೆ. ಅನಿಲವೂ ಒತ್ತಡ ಹೆಚ್ಚಿಸಿದಾಗ ಬಿಸಿಯಾಗುತ್ತದೆ, ಆದರೆ ನೀರಿನಂಶವನ್ನು ಮೊದಲೇ ತೆಗೆದಿದ್ದರೆ ಅದನ್ನು 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಕ್ಕೆ ತಣಿಸಿ ಕಳುಹಿಸಬಹುದು; ಆಗ ಸುತ್ತಲಿನ ನೆಲ ಕರಗುವುದಿಲ್ಲ.

ನನ್ನ ದೃಷ್ಟಿಯಲ್ಲಿ ನಿಜವಾದ ಕಷ್ಟವಿರುವುದು ಹೆಪ್ಪುಗಟ್ಟಿದ ನೆಲ ಮುಗಿದು ಹೆಪ್ಪುಗಟ್ಟದ ನೆಲ ಆರಂಭವಾಗುವ ಗಡಿಗಳಲ್ಲಿ. ಅಲ್ಲಿ ತಣ್ಣನೆಯ ಕೊಳವೆಯೇ ಸುತ್ತಲಿನ ಸಣ್ಣ ಕಣಗಳ, ತೇವದ ಮಣ್ಣನ್ನು ಹೆಪ್ಪುಗಟ್ಟಿಸುತ್ತದೆ; ನೀರು ಆ ಕಡೆಗೆ ಸೆಳೆಯಲ್ಪಟ್ಟು ಮಂಜುಗಡ್ಡೆಯ ಪದರಗಳು ಬೆಳೆದಂತೆ ನೆಲ ಉಬ್ಬಿ, ಕೊಳವೆಯನ್ನು ಮೇಲಕ್ಕೆತ್ತಿ ಬಾಗಿಸುತ್ತದೆ. ಆದ್ದರಿಂದ ಮಾರ್ಗವನ್ನು ನಿರ್ಧರಿಸುವ ಮೊದಲೇ ಮಣ್ಣಿನ ಪರೀಕ್ಷೆಗೆ ಸಾಕಷ್ಟು ಸಮಯ ಕೊಡಿರಿ.