ಇಂಗಾಲದ ಮೇಲಿನ ತೆರಿಗೆ ಹೊರಸೂಸುವಿಕೆಯನ್ನು ನಿಜಕ್ಕೂ ತಗ್ಗಿಸುತ್ತದೆಯೇ?

ತಗ್ಗಿಸುತ್ತದೆ, ಆದರೆ ಕಲ್ಲಿದ್ದಲಿನ ಜಾಗಕ್ಕೆ ಬರಬಲ್ಲ ಇನ್ನೊಂದು ಇಂಧನ ಕೈಗೆಟಕುವಂತಿದ್ದಾಗ ಅದರ ಪರಿಣಾಮ ಬೇಗ ಕಾಣುತ್ತದೆ. 2012ರಲ್ಲಿ ಬ್ರಿಟನ್ನಿನ ವಿದ್ಯುತ್ತಿನಲ್ಲಿ ಸುಮಾರು ಶೇ. 40ರಷ್ಟು ಕಲ್ಲಿದ್ದಲಿನಿಂದಲೇ ಬರುತ್ತಿತ್ತು. 2013ರಲ್ಲಿ ಅಲ್ಲಿನ ಸರ್ಕಾರ ಇಂಗಾಲ ಹೊರಸೂಸಲು ಸ್ಥಾವರಗಳು ಕೊಳ್ಳಬೇಕಿದ್ದ ಯುರೋಪಿನ ಪರವಾನಗಿಯ ದರದ ಮೇಲೆ ಹೆಚ್ಚುವರಿ ಇಂಗಾಲ ತೆರಿಗೆ ಹಾಕಿ, 2015ರಿಂದ ಅದನ್ನು ಟನ್ನಿಗೆ 18 ಪೌಂಡಿಗೆ ಏರಿಸಿದಾಗ, ಪ್ರತಿ ಯೂನಿಟ್ಟಿಗೆ ಅನಿಲಕ್ಕಿಂತ ಸುಮಾರು ಎರಡರಷ್ಟು ಇಂಗಾಲ ಉಗುಳುವ ಕಲ್ಲಿದ್ದಲು ದುಬಾರಿಯಾಯಿತು; ಅದಾಗಲೇ ಕಟ್ಟಿ ನಿಂತಿದ್ದ ಅನಿಲ ಸ್ಥಾವರಗಳು ಆ ಜಾಗವನ್ನು ತುಂಬಿದವು. ಅನಿಲವನ್ನು ಸುಟ್ಟರೂ ಇಂಗಾಲ ಬರುತ್ತದೆಯಾದ್ದರಿಂದ, ಸಮುದ್ರದ ಗಾಳಿಯಂತ್ರಗಳಿಗೆ 15 ವರ್ಷ ನಿಗದಿತ ದರದ ಖಾತರಿ ನೀಡಿದ ಒಪ್ಪಂದಗಳನ್ನು ನಾನು ತೆರಿಗೆಗಿಂತ ಕಡಿಮೆಯೆಂದು ಎಣಿಸುವುದಿಲ್ಲ. ನಾಟಿಂಗ್‌ಹ್ಯಾಮ್ ಬಳಿ ಎಂಟು ಶೈತ್ಯಗೋಪುರಗಳಿಂದ ದಶಕಗಳ ಕಾಲ ಆವಿ ಬಿಡುತ್ತಿದ್ದ, ಆ ದೇಶದ ಕೊನೆಯ ಕಲ್ಲಿದ್ದಲು ಸ್ಥಾವರ 2024ರ ಸೆಪ್ಟೆಂಬರ್ 30ರಂದು ನಿಂತಿತು.